ಬಾಯಿ ಇಲ್ಲದ ಡಬ್ಬಿ

1994ರಲ್ಲಿ ನಾನು ಸಾಲಿ ಬಿಟ್ಟೆ. ಎಂಟನೇ ಇಯತ್ತೆ, ದೀಪಾವಳಿ ಸೂಟಿ ಮುಗಿದ ಮೇಲೆ ಹೋಗಲೇ ಇಲ್ಲ. ನಪಾಸಾಗಿ ಬಿಟ್ಟ ಅಂತ ಯಾರಾದರೂ ಅಂದರೆ ಈಗಲೂ ಮೈ ಉರಿಯುತ್ತದೆ. ಗಣಿತದಲ್ಲಿ ನಾನು ವರ್ಗಕ್ಕೇ ಮೊದಲು. ಮನೆಯಲ್ಲಿ ದುಡಿಯುವವರು ಕಡಿಮೆ, ಉಣ್ಣುವವರು ಹೆಚ್ಚು, ಅದಕ್ಕೆ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಒಂದು ಟಿವಿ ರಿಪೇರಿ ಅಂಗಡಿಗೆ ಸೇರಿದೆ. ಮೂರು ವರ್ಷದಲ್ಲಿ ಮಾಲಕರ ಕೈಗಿಂತ ನನ್ನ ಕೈ ಚುರುಕಾಯಿತು. ಇದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ.

ಇಂಗ್ಲಿಷ್ ಮಾತ್ರ ಅಲ್ಲೇ ನಿಂತುಬಿಟ್ಟಿತು. ಅಕ್ಷರ ಗೊತ್ತು. ಒಂದೊಂದು ಶಬ್ದ ಕೂಡಿಸಿಕೊಂಡು ಓದುತ್ತೇನೆ. ಪೂರಾ ಸಾಲು ಬಂದರೆ ಕಣ್ಣು ಅರ್ಧಕ್ಕೇ ಹೊರಳಿ ಬರುತ್ತದೆ. ಇದು ನನ್ನ ಹೆಂಡತಿಯೊಬ್ಬಳಿಗೇ ಗೊತ್ತು ಅಂತ ನಾನು ತಿಳಿದಿದ್ದೆ.

ವಿದ್ಯಾನಗರದಲ್ಲಿ, ಕಾಲೇಜುಗಳ ಬೆನ್ನಿಗೆ, ನನ್ನ ಗೇಮ್ ಅಂಗಡಿ ಇದೆ. ತಾಸಿನ ಲೆಕ್ಕದಲ್ಲಿ ಆಡುತ್ತಾರೆ, ಹೋಗುತ್ತಾರೆ. ಕ್ಯಾಸೆಟ್ ಹಾಕುವ ಮಷಿನ್ನಿನ ಕಾಲದಿಂದ ನಡೆಸಿಕೊಂಡು ಬಂದಿದ್ದೇನೆ. ಈಗ ಎರಡು ಜಾತಿಯ ಮಷಿನ್ ಇವೆ. ಎರಡೂ ಬೇರೆ ಬೇರೆ ದೊಡ್ಡ ಕಂಪನಿಗಳವು, ಒಂದಕ್ಕೊಂದು ಆಗಿಬರುವುದಿಲ್ಲ, ಇದರ ಆಟ ಅದರಲ್ಲಿ ನಡೆಯುವುದಿಲ್ಲ. ನನ್ನ ಅಂಗಡಿಯಲ್ಲಿ ಅವುಗಳಿಗೆ ಕರೇ ಡಬ್ಬಿ, ಬಿಳೇ ಡಬ್ಬಿ ಅಂತಲೇ ಹೆಸರು. ಕರೇ ಡಬ್ಬಿಗೆ ಬಾಯಿ ಇದೆ, ಸಿಡಿ ನುಂಗುತ್ತದೆ. ಆಟ ನನ್ನ ಕೈಯಲ್ಲಿರುತ್ತದೆ, ಕಪಾಟಿನಲ್ಲಿ ಇಡಬಹುದು, ಗೀರು ಬಿದ್ದರೆ ಒರೆಸಬಹುದು. ಬಿಳೇ ಡಬ್ಬಿಗೆ ಬಾಯೇ ಇಲ್ಲ. ಇಂಟರ್ನೆಟ್ಟಿನಿಂದ ಆಟ ಇಳಿಸಿಕೊಳ್ಳಬೇಕು, ಆ ಆಟ ಯಾರದೋ ಒಬ್ಬರ ಅಕೌಂಟಿನ ಮೇಲೆ ಇರಬೇಕು.

ಗಿರಾಕಿಗಳಲ್ಲೂ ಹಾಗೇ ಎರಡು ಪಾರ್ಟಿ. ಕರೇ ಪಾರ್ಟಿಯವರು ಗೋಡೆಗೆ, ಬಿಳೇ ಪಾರ್ಟಿಯವರು ಬಾಗಿಲ ಕಡೆಗೆ. ಆಡುವಷ್ಟೇ ಹೊತ್ತು ಬೈದಾಡುತ್ತಿದ್ದರು.

“ಲೇ, ನಿಮ್ಮ ಡಬ್ಬ್ಯಾಗ ಆಟ ಎಲ್ಲೈತಿ? ಬರೇ ಇಳ್ಸೂದ ನೋಡಕೋತ ಕುಂದರ್ರಿ.”

“ನಿಮ್ದು ಬಿಡಪಾ, ಸಿಡಿ ಹಾಕಿದ್ರ ಹಿಟ್ಟಿನ ಗಿರಣಿ ಚಾಲೂ ಆದಂಗ ಸಪ್ಪಳಾ.”

ಬಿಳೇ ಡಬ್ಬಿ ತಂದ ದಿನ ಅದು ಮೊದಲು ಕೇಳಿದ್ದು ಈಮೇಲ್. ನನ್ನ ಹತ್ತಿರ ಇರಲಿಲ್ಲ. ಹೆಬ್ಬಳ್ಳಿಯಿಂದ ಬಸ್ಸಿಗೆ ಬಂದು ಪಿಯುಸಿ ಓದುತ್ತಿದ್ದ ಒಬ್ಬ ಹುಡುಗ ಎದುರಿಗೇ ಕುಳಿತಿದ್ದ, ಮುಂದೆ ಬಿಳೇ ಪಾರ್ಟಿಯ ಮುಖಂಡನಾದವನು. “ನಿಂದ ಹಾಕು, ನಿಂದ್ ಬ್ಯಾರೆ ನಂದ್ ಬ್ಯಾರೆ ಐತೇನ?” ಅಂದೆ. ಹಾಕಿದ. ಆರು ವರ್ಷ ನಾನು ಒಂದೊಂದಾಗಿ ಕೊಂಡ ಮೂವತ್ತೆಂಟು ಆಟ ಅವನ ಅಕೌಂಟಿನ ಮೇಲೇ ಕುಳಿತವು. ಸುತ್ತಮುತ್ತಲಿನ ಗೇಮ್ ಅಂಗಡಿಗಳಲ್ಲಿ ಬಹಳ ಮಂದಿ ಮಾಡಿದ್ದು ಹೀಗೇ. ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಪರದೆಯ ಮೇಲೆ ಇಂಗ್ಲಿಷ್ ಬಂದರೆ ನನ್ನದೊಂದು ರೂಢಿ ಇತ್ತು. ಮೇಲಿನ ಸಾಲು ಒತ್ತುವುದು. ಯಾವ ಮಷಿನ್ ಆಗಲಿ, ಮೇಲಿನ ಸಾಲೆಂದರೆ ಹೂಂ ಅಂತ. ಇಪ್ಪತ್ತು ವರ್ಷ ಅದು ನನಗೆ ಕೈ ಕೊಟ್ಟಿರಲಿಲ್ಲ. ಒಮ್ಮೆ ಮಾತ್ರ ಆ ಹೆಬ್ಬಳ್ಳಿಯವನು ಫುಟ್‌ಬಾಲ್ ಫೈನಲ್ ಆಡುವಾಗ ನಡುವೆ ಏನೋ ಬಂತು, ನಾನು ಒತ್ತಿದೆ, ಮ್ಯಾಚು ಕಟ್ಟಾಯಿತು.

“ಕಾಕಾ, ಒತ್ತೂದಕಿಂತ ಮೊದ್ಲ ಓದ್ರೆಲಾ! ಸಾಲ್ಯಾಗ ಇಷ್ಟರ ಕಲಿಸಿಲ್ಲೇನ್ರಿ?”

ಎರಡೂ ಪಾರ್ಟಿಯವರು ಒಟ್ಟಿಗೆ ನಕ್ಕರು. ಅವನ ಕೈಯಿಂದ ರಿಮೋಟ್ ಕಸಿದುಕೊಂಡು ಬಾಗಿಲು ತೋರಿಸಿದೆ. “ನನ್ನ ಅಂಗಡ್ಯಾಗ ನನಗ ಪಾಠ ಹೇಳಬ್ಯಾಡ. ನಡಿ.” ಅವನು ಚಪ್ಪಲಿ ಹಾಕಿಕೊಂಡು ಹೋದ. ಆಮೇಲೆ ಬರಲಿಲ್ಲ. ಡಿಗ್ರಿ ಮುಗಿಸಿ ಊರಲ್ಲಿ ಅಪ್ಪನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕುಳಿತಿದ್ದಾನೆ ಅಂತ ಸುದ್ದಿ ಬಂತು. ಒಂದೂವರೆ ವರ್ಷ ಕಳೆಯಿತು.

ಈ ವರ್ಷ ಬೇಸಿಗೆ ಸೂಟಿ ಎದುರಿಗಿತ್ತು. ಒಂದು ಬುಧವಾರ ಮುಂಜಾನೆ ಅಂಗಡಿ ತೆರೆದು ಬಿಳೇ ಡಬ್ಬಿ ಹಚ್ಚಿದರೆ ಅದು ಪೂರಾ ಏಳಲಿಲ್ಲ. ಎಂದೂ ನೋಡದ ಪರದೆ, ಮೂರು ಸಾಲು. ಅಂಗಡಿಯಲ್ಲಿ ಆಗಲೇ ಇಬ್ಬರು ಬಂದು ಕುಳಿತಿದ್ದರು. ಓದುತ್ತ ನಿಂತರೆ ನೋಡುತ್ತಾರೆ ಅಂತ ಮೇಲಿನ ಸಾಲು ಒತ್ತಿದೆ. ಪರದೆ ಕಪ್ಪಾಯಿತು, ಒಂದು ಚಕ್ರ ತಿರುಗಿತು. ಸ್ವಲ್ಪ ಹೊತ್ತಿಗೆ ಡಬ್ಬಿ ಹೊಸದಾಗಿ ತಂದ ದಿನದ ಹಾಗೆ ನಮಸ್ಕಾರ ಹೇಳಿ ಈಮೇಲ್ ಕೇಳಿತು. ಒಳಗೆ ಒಂದು ಆಟವೂ ಇರಲಿಲ್ಲ.

ನನ್ನ ಕೈ ತಣ್ಣಗಾದವು. ಟಿವಿ ಅಂಗಡಿಯಲ್ಲಿ ಕರೆಂಟ್ ಹೊಡೆಸಿಕೊಂಡವನು ನಾನು, ಆಗಲೂ ಹೀಗೆ ಆಗಿರಲಿಲ್ಲ. ತಂತಿ ಸುಟ್ಟರೆ ವಾಸನೆ ಬರುತ್ತದೆ, ಎಲ್ಲಿ ಅಂತ ಹುಡುಕಬಹುದು. ಇಲ್ಲಿ ಏನೂ ಸುಟ್ಟಿರಲಿಲ್ಲ. ಎಲ್ಲಾ ಸರಿಯಾಗಿಯೇ ಇತ್ತು, ನನ್ನ ಅರ್ಧ ಅಂಗಡಿ ಮಾತ್ರ ಇರಲಿಲ್ಲ. ಟಿವಿ ಮೇಲೆ ಟವೆಲ್ ಹಾಕಿ, ರಿಪೇರಿ ಐತಿ ಅಂದೆ.

ಎರಡು ದಿನ ಬಾಗಿಲು ಮುಂದೆ ಮಾಡಿಕೊಂಡು ಒಬ್ಬನೇ ಒದ್ದಾಡಿದೆ. ಆ ಪರದೆಯಲ್ಲಿ ನೋಡಿ ನೆನಪಿದ್ದ ಶಬ್ದಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಫೋನಿನಲ್ಲಿ ಅರ್ಥ ಹುಡುಕಿದೆ. ನಾನು ಒತ್ತಿದ್ದು “ಎಲ್ಲಾ ಅಳಿಸು” ಅನ್ನುವ ಸಾಲು. ಅದರ ಕೆಳಗೇ “ಆಟ ಇರಲಿ” ಅನ್ನುವುದೂ ಇತ್ತಂತೆ. ಅಕೌಂಟಿನ ಪಾಸ್‌ವರ್ಡ್ ಹಾಕಿದರೆ ಎಲ್ಲಾ ಮರಳಿ ಇಳಿಸಿಕೊಳ್ಳಬಹುದು ಅಂತಲೂ ತಿಳಿಯಿತು. ಪಾಸ್‌ವರ್ಡ್ ಹೆಬ್ಬಳ್ಳಿಯಲ್ಲಿತ್ತು.

ಹೆಂಡತಿ ಮನೆಯಲ್ಲಿ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಹಂಚಿನ ಮೇಲಿಂದ ಕಣ್ಣು ತೆಗೆಯದೆ ಅಂದಳು, “ಹೋಗಿ ಕೇಳ್ರಿ. ಅಂವೇನ್ ಹುಲಿ ಅದಾನೇನು?”

“ನಾ ಹೊರಗ ಹಾಕಿದಾಂವನ ಮುಂದ ನಾನ ಹೋಗಿ ನಿಂದರ್ಲೇನು?”

“ಹಂಗಾರ ಬಿಡ್ರಿ. ಆ ಡಬ್ಬಿ ಮನೀಗೆ ತರ್ರಿ, ಬಿಸಿ ಆಗತೈತೆಲ್ಲ, ಮ್ಯಾಲ ಖಡಕ್ ರೊಟ್ಟಿ ಒಣಗಿಸ್ತೀನಿ.”

ಮರುದಿನ ಮುಂಜಾನೆ ಗಾಡಿ ತೆಗೆದೆ. ಉಣಕಲ್ ಕೆರೆ ದಾಟುವ ತನಕ ಧೈರ್ಯ ಇತ್ತು. ನವಲೂರ ಹತ್ತಿರ, ಅವನು ಕೊಡುವುದಿಲ್ಲ ಅಂದರೆ ಅನ್ನುವ ವಿಚಾರ ಬಂತು. ಧಾರವಾಡ ದಾಟುವಾಗ ಅದಕ್ಕಿಂತ ಕೆಟ್ಟದ್ದು ಬಂತು. ಅವನೇ ಯಾರಿಗಾದರೂ ಆ ಅಕೌಂಟ್ ಕೊಟ್ಟುಬಿಟ್ಟಿದ್ದರೆ? ಕಾಗದದ ಪ್ರಕಾರ ಮೂವತ್ತೆಂಟೂ ಅವನವೇ. ನನ್ನದೆನ್ನಲು ನನ್ನ ಹತ್ತಿರ ಒಂದು ಅಕ್ಷರವಿಲ್ಲ.

ಅವನು ತಕ್ಕಡಿಯ ಹಿಂದೆ ಕುಳಿತಿದ್ದ. ಮೀಸೆ ಬಂದಿತ್ತು.

“ಬರ್ರಿ ಕಾಕಾ! ದಾರಿ ತಪ್ಪಿ ಬಂದ್ರೇನು?”

“ಇಲ್ಲಪಾ, ಇಲ್ಲೇ ಕೆಲಸ ಇತ್ತು.”

“ಹೆಬ್ಬಳ್ಳ್ಯಾಗ ನಿಮ್ದೇನ್ ಕೆಲಸ್ರಿ?”

“ಮೆಂತೆ ಬೀಜಾ ಬೇಕಾಗಿತ್ತು.”

“ಹುಬ್ಬಳ್ಳ್ಯಾಗ ಮೆಂತೆ ಬೀಜಾ ಬಂದ್ ಆಗ್ಯಾವೇನ್ರಿ?”

ನಕ್ಕು ಕಟ್ಟಿಕೊಟ್ಟ, ಚಹಾ ತರಿಸಿದ. ಚಹಾ ಕುಡಿದೆ, ಬಿಸಿಲಿನ ಮಾತಾಡಿದೆ, ಎದ್ದು ಬಂದೆ. ಗಾಡಿ ಹತ್ತಿ ಎರಡು ಮೈಲಿ ಬಂದ ಮೇಲೆ ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿದೆ. ನಮ್ಮ ಮನೆ ಮುಂದೆ ಗೇಣು ಮಣ್ಣಿಲ್ಲ. ಕಿಸೆಯಲ್ಲಿ ಅರ್ಧ ಕಿಲೋ ಮೆಂತೆ ಬೀಜ. ಸೂಟಿಗೆ ಬರುವ ಗಿರಾಕಿಗಳು ಟವೆಲ್ ನೋಡಿ ಬೇರೆ ಅಂಗಡಿಗೆ ಹೋದರೆ ಮತ್ತೆ ಬರುವವರಲ್ಲ. ಗಾಡಿ ತಿರುಗಿಸಿದೆ.

“ಏನ್ರಿ ಕಾಕಾ, ಈಗ ಸೌತಿ ಬೀಜಾ ಏನು?”

“ಬಿಳೇದು ಪೂರಾ ಅಳಿಸಿ ಹೋಗೇತಿ,” ಅಂದೆ. “ನಾನ ಅಳಿಸೇನಿ.”

ನಗುತ್ತಾನೆ ಅಂತ ತಯಾರಾಗಿ ಬಂದಿದ್ದೆ. ನಗಲಿಲ್ಲ. ಅದರಿಂದ ಇನ್ನಷ್ಟು ಅಂಜಿಕೆಯಾಯಿತು.

“ಮ್ಯಾಲಿನ ಸಾಲು ಒತ್ತಿದ್ರೇನು?”

“ನಿನಗ ಹೆಂಗ ಗೊತ್ತು?”

“ನಾಕೈದು ವರ್ಷ ನಿಮ್ಮ ಬಾಜೂ ಕುಂತಾಂವಾ ನಾ. ನಮಗೆಲ್ಲಾರಿಗೂ ಗೊತ್ತಿತ್ರಿ.”

ಎಲ್ಲರಿಗೂ ಗೊತ್ತಿತ್ತು. ಕರೇ ಪಾರ್ಟಿಗೂ, ಬಿಳೇ ಪಾರ್ಟಿಗೂ. ಆದರೂ ಈ ಸಲ ಗಾಡಿಯ ಕಡೆ ತಿರುಗಲಿಲ್ಲ. “ಅವತ್ತ ನಿನಗ ಬಾಗಲಾ ತೋರಸಬಾರದಾಗಿತ್ತು,” ಅಂದೆ. ಸುಲಭವಾಗಿ ಬಂದ ಮಾತಲ್ಲ ಅದು.

“ಬಾಗಲಾ ಇರ್ಲಿ ಬಿಡ್ರಿ. ಆ ಮ್ಯಾಚ್ ನಾ ಗೆಲ್ತಿದ್ನಿ. ಅದು ಹೊಟ್ಟ್ಯಾಗ ಇನ್ನೂ ಐತಿ.”

ಅವನಿಗೂ ಪಾಸ್‌ವರ್ಡ್ ನೆನಪಿರಲಿಲ್ಲ. ಹೊಸದು ಮಾಡಬೇಕೆಂದರೆ ಓಟಿಪಿ ಬರುವುದು ಅವನ ಹಳೇ ನಂಬರಿಗೆ. ಆ ಸಿಮ್ ಈಗ ಅವನ ಅವ್ವನ ಬಟನ್ ಫೋನಿನಲ್ಲಿ. ಮನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದ.

“ಅವ್ವಾ, ನಿನ್ನ ಫೋನಿಗೆ ಒಂದು ಮೆಸೇಜ್ ಬಂದೈತಿ ನೋಡು.”

“ಬಂದಿತ್ತಪಾ. ಅಳಿಸಿದೆ.”

“ಯಾಕ ಅಳಿಸಿದೆಬೇ!”

“ದಿನಾ ಹತ್ತು ಬರತಾವು. ನೀನ ಹೇಳಿಯಲ್ಲ, ಕಂಪನಿಯವು ಬಂದ್ರ ಅಳಿಸಿಬಿಡು ಅಂತ.”

ಮತ್ತೆ ಕಳಿಸಿದ. ಪದೇ ಪದೇ ತಪ್ಪಿದರೆ ಅಕೌಂಟಿಗೇ ಬೀಗ ಬೀಳುತ್ತದೆ, ಆಮೇಲೆ ಎಷ್ಟು ದಿನ ಕಾಯಬೇಕೋ ಗೊತ್ತಿಲ್ಲ ಅಂದ. ಫೋನಿನ ಆ ಕಡೆ ಅವರು ಚಸ್ಮಾ ಹುಡುಕುತ್ತಿದ್ದರು. ದೇವರ ಜಗಲಿಯ ಮೇಲೆ ಇಲ್ಲ. ಕಿಟಕಿಯಲ್ಲಿ ಇಲ್ಲ. ಇವನ ಫೋನಿನಲ್ಲಿ ಸೆಕೆಂಡು ಇಳಿಯುತ್ತಿದ್ದವು. ನಾನು ಗೊಬ್ಬರದ ಚೀಲ ಹಿಡಿದುಕೊಂಡು ನಿಂತಿದ್ದೆ. ಕಡೆಗೆ, “ತಲೀ ಮ್ಯಾಲ ಐತಿ ತಗೋ,” ಅಂದು ಒಂದೊಂದೇ ಅಂಕಿ ಹೇಳಿದರು. ಕೊನೆಯದು ಒಂದೋ ಏಳೋ ಅಂತ ತಡೆದರು. ಏಳು.

ಅಂದೇ ಮಧ್ಯಾಹ್ನ ಅವನು ನನ್ನ ಗಾಡಿಯ ಹಿಂದೆ ಕುಳಿತು ಅಂಗಡಿಗೆ ಬಂದ. ಬಾಗಿಲು ತೆರೆದದ್ದು ನೋಡಿ ಎರಡೂ ಪಾರ್ಟಿಯವರು ಬಂದು ಕುಳಿತರು. ಟವೆಲ್ ತೆಗೆದೆವು. ಆಟಗಳ ಪಟ್ಟಿ ಬಂತು, ಮೂವತ್ತೆಂಟೂ ಇದ್ದವು. ಮೊದಲನೆಯದು ಇಳಿಯಲು ಹತ್ತಿತು. ನನಗೆ ಹಗುರಾಗಬೇಕಿತ್ತು.

“ಇನ್ನ ಇವನ್ನ ನನ್ನ ಹೆಸರಿಗೆ ಮಾಡು,” ಅಂದೆ.

“ಆಗಂಗಿಲ್ರಿ ಕಾಕಾ.”

“ಹೊಲಾ-ಮನಿ ಹೆಸರ ಬದಲಿ ಆಗತಾವು, ಇದು ಯಾಕ ಆಗಂಗಿಲ್ಲ?”

“ಹೊಲಾ ನೀವು ಕೊಂಡಿರ್ತೀರಿ. ಇದನ್ನ ನೀವು ಕೊಂಡಿಲ್ಲ, ಆಡಾಕ ಪರವಾನಗಿ ತಗೊಂಡೀರಿ. ಅದೂ ನನ್ನ ಹೆಸರಿನ್ಯಾಗ. ನಾಳೆ ನಾ ಗಾಡಿ ಮ್ಯಾಲಿಂದ ಬಿದ್ದು ಹೋದ್ನಿ ಅಂದ್ರ ನಿಮ್ಮ ಆಟ ಎಲ್ಲಾ ನನ್ನ ಜೋಡಿನ ಬರತಾವು. ಮ್ಯಾಲ ಹೋಗಿ ಆಡ್ತೀನಿ.”

ಅವನು ನಕ್ಕ. ಬಾಗಿಲ ಕಡೆ ಕುಳಿತವರೂ ನಕ್ಕರು. ಈಗ ಅವನಿಗೆ ಫೋನ್ ಮಾಡಿದಾಗಲೆಲ್ಲ ಹೆಲ್ಮೆಟ್ ಹಾಕಿಕೊಳ್ಳುತ್ತೀಯೋ ಇಲ್ಲವೋ ಅಂತ ಕೇಳುತ್ತೇನೆ.

ಮುಂದೆ ಹೇಗೆ ಅಂತ ಕೇಳಿದೆ. ಬಿಳೇದರ ಕಂಪನಿಯವರು ಡಬ್ಬಿ ಮಾಡುವುದನ್ನೇ ಕಡಿಮೆ ಮಾಡುತ್ತಾರಂತೆ, ಅವರ ಆಟಗಳು ಕರೇದರಲ್ಲೂ ಬರಹತ್ತಿವೆ ಅಂದ. ಕರೇ ಪಾರ್ಟಿಯವರು ಹೋ ಅಂತ ಕೂಗಿದರು. “ಲೇ, ಕುಣೀಬ್ಯಾಡ್ರಿ,” ಅಂದ ಇವನು, “ನಿಮ್ದು ಮುಂದಿನದು ಬಾಯಿ ಇಲ್ಲದ ಬಂದ್ರ? ಆವಾಗ ಕಾಕಾರ ಕಪಾಟಿನ್ಯಾಗಿನ ಸಿಡಿ ಏನ್ ಮಾಡೂದು? ಹೊಲಕ್ಕ ಕಟ್ಟಿ ಹಕ್ಕಿ ಓಡಸಬೇಕು.” ಬರುತ್ತದೋ ಇಲ್ಲವೋ ಯಾರಿಗೂ ಖಾತ್ರಿ ಇಲ್ಲ ಅಂತಲೂ ಅವನೇ ಹೇಳಿದ. ಖಾತ್ರಿ ಇಲ್ಲ ಅನ್ನುವುದೇ ನನ್ನನ್ನು ಹೆಚ್ಚು ತಿನ್ನುತ್ತದೆ. ಈ ಎರಡು ಕಂಪನಿ ಹೊಡೆದಾಡುವಷ್ಟು ದಿನ ನನ್ನ ಬೆಂಚು ತುಂಬಿರುತ್ತವೆ. ಒಂದು ಗೆದ್ದರೆ, ಅಥವಾ ಎರಡೂ ರಾಜಿಯಾಗಿ ಆಟವನ್ನು ನೇರವಾಗಿ ಎಲ್ಲರ ಮನೆಯ ಟಿವಿಗೆ ಬಿಟ್ಟರೆ, ನನ್ನ ತನಕ ಯಾರು ನಡೆದು ಬರುತ್ತಾರೆ? ರಿಪೇರಿ ನನಗೆ ಬರುತ್ತದೆ. ಯಾವ ಡಬ್ಬಿ ತಂದರೂ ಬಿಚ್ಚಿ ಜೋಡಿಸುತ್ತೇನೆ. ಡಬ್ಬಿಯೇ ಇಲ್ಲದ್ದನ್ನು ಹೇಗೆ ಬಿಚ್ಚುವುದು?

ಹೋಗುವ ಮೊದಲು ಅವನು ನನ್ನ ಹೆಸರಿನಲ್ಲಿ ಒಂದು ಈಮೇಲ್, ಒಂದು ಅಕೌಂಟ್ ಮಾಡಲು ಕುಳಿತ. ರಿಮೋಟ್ ಅವನ ಕೈಯಿಂದ ತೆಗೆದುಕೊಂಡೆ, ಈ ಸಲ ಮೆತ್ತಗೆ. ಒಂದೊಂದು ಸಾಲೂ ನಾನೇ ಓದಿದೆ. ಗಟ್ಟಿಯಾಗಿ, ಅಕ್ಷರ ಕೂಡಿಸಿಕೊಂಡು, ಎಲ್ಲರೂ ಕೇಳುವ ಹಾಗೆ. ಎರಡು ಶಬ್ದ ತಪ್ಪಾಗಿ ಓದಿದೆ, ಅವನು ತಿದ್ದಿದ. ಕರೇ ಪಾರ್ಟಿಯ ಒಬ್ಬ ಕಿಸಕ್ಕೆಂದ, ಬಿಳೇ ಪಾರ್ಟಿಯವರು ಅವನನ್ನು ಬೈದರು. ಒಂದು ತಾಸು ಹಿಡಿಯಿತು. ಓಟಿಪಿ ನನ್ನ ಫೋನಿಗೇ ಬಂತು. ಆ ಅಕೌಂಟಿನ ಮೇಲೆ ಅಂದೇ ಒಂದು ಆಟ ಕೊಂಡೆ.

ಅಂಜಿಕೆ ಹೋಗಿಲ್ಲ. ಮುಂಜಾನೆ ಡಬ್ಬಿ ಹಚ್ಚಿ ಪರದೆ ಬೆಳಗುವ ತನಕ ಈಗಲೂ ಕೈ ತಣ್ಣಗೇ ಇರುತ್ತವೆ.

ಇವತ್ತು ನನ್ನ ಹತ್ತಿರ ಇರುವುದು ಇಷ್ಟು. ಕರೇ ಡಬ್ಬಿ ಎರಡು. ಬಿಳೇ ಡಬ್ಬಿ ಒಂದು. ಟಿವಿ ಮೂರು, ಬೆಂಚು ನಾಲ್ಕು. ಸಿಡಿ ನೂರಾ ಹನ್ನೆರಡು, ಅದರಲ್ಲಿ ಓಡದೇ ಇರುವವು ಒಂಬತ್ತು. ಇನ್ನೊಬ್ಬರ ಹೆಸರಿನಲ್ಲಿ ಆಟ ಮೂವತ್ತೆಂಟು. ನನ್ನ ಹೆಸರಿನಲ್ಲಿ, ಒಂದು.