ಸುಶೀಲಾ ಮಾವಶಿಯ ಹೆಬ್ಬೆರಳು

ಉಗುರಿಗೆ ಹೊಳಪು ಕೊಡುವಾಗ ಸುಶೀಲಾ ಮಾವಶಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಬಲಗೈಯಲ್ಲಿ ಸಣ್ಣ ಮಷೀನು, ಅದರ ತುದಿಯಲ್ಲಿ ಗಿರಗಿರನೆ ತಿರುಗುವ ತೊಗಲಿನ ಬಿಲ್ಲೆ. ಎಡಗೈಯಲ್ಲಿ ನಮ್ಮ ಬೆರಳು. ಅವರ ಎಡ ಹೆಬ್ಬೆರಳಿನ ತುದಿ ನಮ್ಮ ಉಗುರಿನ ಅಂಚನ್ನು ಬಿಡುತ್ತಿರಲಿಲ್ಲ. ಆ ಹೆಬ್ಬೆರಳಿಗೆ ಕಾವು ತಿಳಿದ ಕ್ಷಣ ಮಷೀನು ಮೇಲೇಳುತ್ತಿತ್ತು, ಎರಡು ಉಸಿರು ಕಳೆದ ಮೇಲೆ ಮತ್ತೆ ಇಳಿಯುತ್ತಿತ್ತು. ಮೊದಲ ಸಲ ಬಂದವರಿಗೆ ಅವರು ಕೂತಲ್ಲೇ ತೂಕಡಿಸುತ್ತಿದ್ದಾರೆ ಅನ್ನಿಸುತ್ತಿತ್ತು.

ನಿಪ್ಪಾಣಿಯಲ್ಲಿ ಒಂದು ಟೇಲರ್ ಅಂಗಡಿಯ ಮೇಲಿನ ಕೋಣೆ ಅವರ ಪಾರ್ಲರ್. ಅಲ್ಲಿಗೆ ಬರುವವರಿಗೆಲ್ಲ ಅವರು ಮಾವಶಿ, ಅಂದರೆ ಚಿಕ್ಕಮ್ಮ. ಹುಡುಗಿಯಾಗಿದ್ದಾಗಿನಿಂದ ಬೀಡಿ ಸುತ್ತಿದವರು. ನಲವತ್ತು ದಾಟಿದ ಮೇಲೆ ದಿನಾ ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಹೋಗಿಬಂದು ಕೃತಕ ಉಗುರಿನ ಕೆಲಸ ಕಲಿತಿದ್ದರು. "ಅಲ್ಲಿ ಎಲ್ಲಾ ಕಾಲೇಜ್ ಪೋರಿಗೋಳು. ನನ್ನ ನೋಡಿ, ಕಸಾ ಹೊಡ್ಯಾಕ ಬಂದಾಳಂತ ತಿಳಕೊಂಡಿದ್ರು" ಎಂದು ನಗುತ್ತಿದ್ದರು. ನಾನು ಅದೇ ಬೀದಿಯ ಬಂಗಾರದ ಅಂಗಡಿಯಲ್ಲಿ ಕೌಂಟರಿಗೆ ನಿಲ್ಲುವವಳು. ಉಂಗುರಗಳನ್ನು ನನ್ನ ಬೆರಳಿಗೆ ಹಾಕಿ ಗಿರಾಕಿಗಳಿಗೆ ತೋರಿಸಬೇಕು. ನನ್ನ ಸ್ವಂತ ಉಗುರುಗಳು ಕಾಗದದ ಹಾಗೆ ಹರಿಯುತ್ತವೆ. ಹೀಗಾಗಿ ಐದು ವರ್ಷ, ಮೂರು ವಾರಕ್ಕೊಮ್ಮೆ ಅವರ ಮುಂದೆ ಕೂತಿದ್ದೇನೆ.

ಪುಡಿಯನ್ನು ದ್ರವದಲ್ಲಿ ಕಲಸಿ ಉಗುರು ಕಟ್ಟುವ ಕೆಲಸ ಬೇಗ ಮುಗಿಯುತ್ತಿತ್ತು. ಹೊತ್ತು ಹಿಡಿಯುತ್ತಿದ್ದುದು ಉಜ್ಜುವುದಕ್ಕೆ. ಮೊದಲು ಒರಟು ಅರ, ಆಮೇಲೆ ನಯವಾದದ್ದು, ಆಮೇಲೆ ಇನ್ನೂ ನಯವಾದದ್ದು. ಪ್ರತಿಯೊಂದೂ ಹಿಂದಿನದರ ಗೀರುಗಳನ್ನು ಅಳಿಸಬೇಕು. ಕೊನೆಗೆ ಒಂದು ಹನಿ ಎಣ್ಣೆ, ತೊಗಲಿನ ಬಿಲ್ಲೆ. ಬೇರೆ ಪಾರ್ಲರುಗಳಲ್ಲಿ ಹೊಳೆಯುವ ದ್ರವ ಬಳಿದು ಐದು ನಿಮಿಷದಲ್ಲಿ ಕಳಿಸುತ್ತಾರೆ. ಮಾವಶಿಗೆ ಅದು ಆಗದು. "ಬಾಟ್ಲಿ ಹೊಳಪು ಭಾಂಡೆ ತಿಕ್ಕಿದ್ರ ಹೋತು. ಇದು ಉಗುರಿನ ಮೈಯಾಗಿಂದು, ಎಲ್ಲಿ ಹೋಗ್ತೈತಿ?" ಮುಗಿದ ಉಗುರನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿಯುತ್ತಿದ್ದರು. ಬೆಳಕಿನ ಗೆರೆ ಉಗುರಿನ ಮೇಲೆ ಎಲ್ಲಿಯೂ ಒಡೆಯದೆ ಹರಿಯಬೇಕು. ಒಡೆದರೆ, "ಥಾಂಬ್, ತಡಿ, ಇನ್ನಾ ಗೀರು ಅದಾವು" ಎಂದು ಮತ್ತೆ ಅರ ಎತ್ತಿಕೊಳ್ಳುತ್ತಿದ್ದರು.

ಆ ಕೋಣೆಯಲ್ಲಿ ಒಂದು ನಿಯಮವಿತ್ತು: ಬಿಸಿಯಾಗುತ್ತಿದೆ ಎಂದು ಯಾರೂ ಹೇಳಬಾರದು. ಒಮ್ಮೆ ರಾಯಬಾಗದ ಶಿಕ್ಷಕಿಯೊಬ್ಬರು ಹೇಳಿಬಿಟ್ಟರು. ಮಾವಶಿ ಮಷೀನು ಆರಿಸಿ, ಅವರ ಕೈಯನ್ನು ಅವರ ತೊಡೆಯ ಮೇಲೆಯೇ ಇಟ್ಟರು.

"ಹಂಗಾದ್ರ ನೀವ ಮಾಡ್ಕೋರಿ ಅಕ್ಕೋರ. ನಾ ಚಾ ಕುಡದು ಬರ್ತೀನಿ."

"ಅಯ್ಯ, ಹಂಗಲ್ರಿ ಮಾವಶಿ..."

"ನಿಮಗ ತಿಳಿಯೂಕಿಂತ ಮದಲ ನನ್ನ ಬಟ್ಟಿಗೆ ತಿಳೀತೈತ್ರಿ. ಬೀಡಿ ಎಲಿ ದಪ್ಪ ಐತೋ ತೆಳ್ಳಗೈತೋ, ನೋಡದ ಹೇಳಿದ ಬಟ್ಟು ಇದು."

ಬಟ್ಟು ಎಂದರೆ ಆ ಹೆಬ್ಬೆರಳು. ಅವರ ಮಾತು ನಿಜವೂ ಆಗಿತ್ತು. ಮೊದಲ ನಾಲ್ಕು ವರ್ಷದಲ್ಲಿ ನನ್ನ ಬೆರಳಿಗೆ ಒಮ್ಮೆಯೂ ಚುರುಕು ಮುಟ್ಟಿರಲಿಲ್ಲ. ಹೊಸಬರು ಬಂದರೆ ಬೆಂಚಿನ ಮೇಲೆ ಕೂತ ಹಳಬರೇ ಕಿವಿಯಲ್ಲಿ ಹೇಳುತ್ತಿದ್ದರು, ಬಿಸಿ ಅನ್ನಬ್ಯಾಡ್ರಿ ಮತ್ತ.

ಐದನೇ ವರ್ಷ ಅವರ ಬೆರಳ ತುದಿಗಳು ಸಿಪ್ಪೆ ಏಳತೊಡಗಿದವು. ಕೇಳಿದರೆ "ಥಂಡಿಗೆ ಒಡದಾವ" ಎಂದರು. ಬೇಸಿಗೆಯಲ್ಲಿ ಮತ್ತೆ ಕೇಳಿದೆ. "ಬಿಸಲಿಗೆ ಒಡದಾವ" ಎಂದರು. ಚಿಕ್ಕೋಡಿಯ ಡಾಕ್ಟರು ನೋಡಿ, ಇದು ಪುಡಿ ಕಲಸುವ ದ್ರವದಿಂದಲೇ ಆದದ್ದು, ಕೆಲಸ ಬಿಡಿ, ಇಲ್ಲವೆ ಕೈಗವಸು ಹಾಕಿ ಎಂದರಂತೆ. ಮಾವಶಿ ಒಂದು ದಿನ ಹಾಕಿ ತೆಗೆದರು. "ಇದನ್ನ ಹಾಕ್ಕೊಂಡ್ರ ನಾ ಕಣ್ಣಿಲ್ಲದ ಕುಡ್ಡಿ ಆಗ್ತೀನಿ ತಂಗಿ."

ಅದಾದ ತಿಂಗಳಲ್ಲೇ ಒಂದು ಮಧ್ಯಾಹ್ನ, ನನ್ನ ಎಡಗೈ ಉಂಗುರಬೆರಳಿನ ಮೇಲೆ ಮಷೀನು ಇತ್ತು. ಬಿಸಿಯಾಯಿತು. ಈಗ ಎತ್ತುತ್ತಾರೆ ಎಂದುಕೊಂಡೆ. ಎತ್ತಲಿಲ್ಲ. ಚಪ್ಪಲಿಯೊಳಗೆ ಕಾಲ್ಬೆರಳು ಮಡಚಿಕೊಂಡು ಕೂತೆ. ಅವರ ಕಣ್ಣು ಮುಚ್ಚಿತ್ತು, ಮುಖ ಎಂದಿನ ಹಾಗೆ ಶಾಂತವಾಗಿತ್ತು. ಇದೊಂದು ಸಲ ಇರಬೇಕು ಎಂದು ಸಮಾಧಾನ ಮಾಡಿಕೊಂಡೆ. ಮೂರು ವಾರದ ನಂತರ ಮತ್ತೆ ಹಾಗೆಯೇ ಆಯಿತು. ಆ ದಿನ ಚಹಾ ಬಂತು. ನನಗೆ ಸೆರಗು ಸುತ್ತದೆ ಹಿಡಿಯಲಾಗದ ಸ್ಟೀಲ್ ಲೋಟವನ್ನು ಅವರು ಬರಿಗೈಯಲ್ಲಿ ಹಿಡಿದು ಮಾತಾಡುತ್ತಿದ್ದರು. ಅದನ್ನೂ ನೋಡಿದೆ. ಮೂರನೇ ಸಲವೂ ಬಾಯಿ ಬಿಡಲಿಲ್ಲ.

ಆಮೇಲೆ ಕಾಗವಾಡದ ರೇಖಾ. ಮದುವೆಯ ಒಡವೆಗೆಂದು ತಾಯಿಯ ಜೊತೆ ನಮ್ಮ ಅಂಗಡಿಗೆ ಬಂದಳು, ನನ್ನ ಉಗುರು ನೋಡಿ ತನಗೂ ಬೇಕೆಂದಳು. ಮದುವೆಗೆ ಒಂದು ವಾರವಿತ್ತು. ತಾಯಿ ಒಡವೆ ಆರಿಸುತ್ತಿರುವಾಗ ಅವಳನ್ನು ನಾನೇ ಮಾವಶಿಯ ಹತ್ತಿರ ಕರೆದೊಯ್ದೆ. ಮೆಟ್ಟಿಲ ಮೇಲೆ ಹೇಳಿದೆ: "ಬಿಸಿ ಅನ್ನಬ್ಯಾಡ. ಅವರಿಗೆ ಸಿಟ್ಟು ಬರ್ತೈತಿ." ಈ ಮಾತು ಹೇಳಿದವಳು ನಾನು, ಬೇರೆ ಯಾರೂ ಅಲ್ಲ.

ಮೂರನೇ ಬೆರಳಿಗೆ ರೇಖಾಳ ಕಣ್ಣಲ್ಲಿ ನೀರು ಬಂತು. ಮಾವಶಿ ಕಣ್ಣು ತೆರೆದವರು ಅದನ್ನು ಕಂಡರು.

"ಯಾಕ್ ಬೇ, ಈಗ ತವರಮನಿ ನೆನಪಾಗಾಕತ್ತೇನ? ಇನ್ನಾ ಒಂದ್ ವಾರ ಐತಿ, ಸ್ವಲ್ಪ ಉಳಿಸಿಟ್ಕೋ."

ಬೆಂಚಿನವರೆಲ್ಲ ನಕ್ಕರು. ರೇಖಾ ಕೂಡ ನಕ್ಕಳು. ನಾನೂ ನಕ್ಕೆ.

ಮದುವೆ ಮುಗಿದು ಎರಡು ದಿನಕ್ಕೆ ರೇಖಾಳ ತಾಯಿ ನಮ್ಮ ಅಂಗಡಿಗೆ ಬಂದು, ಆ ಹೆಂಗಸಿನ ಹತ್ತಿರ ನಡಿ ಎಂದರು. ಜಗಳ ಮಾಡುವ ದನಿ ಇರಲಿಲ್ಲ. ಮೆಟ್ಟಿಲು ಹತ್ತಿ, ಮಾವಶಿಯ ಮುಂದೆ ನಿಂತೇ ಹೇಳಿದರು: "ಎರಡು ಉಗುರು ಕಿತ್ತು ಬಂದ್ವು. ಒಳಗ ಸುಟ್ಟೈತಂತ ಡಾಕ್ಟರ್ ಅಂದ್ರು. ಹಾರಾ ಹಾಕೂ ಮುಂದ ಬಟ್ಟಿಗೆ ಪಟ್ಟಿ ಕಟ್ಕೊಂಡು ನಿಂತಿದ್ಲ್ರಿ ನನ್ನ ಮಗಳು."

"ಸುಟ್ಟಿದ್ರ ಹುಡುಗಿ ಯಾಕ ಹೇಳಲಿಲ್ಲ?"

"ಹೇಳಬಾರದಂತ ಹೇಳಿದ್ರಂತಲ್ರಿ."

"ಯಾರು?"

"ನಾನ ಹೇಳೀನ್ರಿ" ಎಂದೆ. "ನನಗೂ ಸುಡತಿತ್ತು ಮಾವಶಿ. ಮೂರು ಸಲ."

ಮಾವಶಿ ಮಾದರಿಗೆಂದು ಕಡ್ಡಿಗೆ ಅಂಟಿಸಿಟ್ಟಿದ್ದ ಉಗುರೊಂದನ್ನು ಎತ್ತಿಕೊಂಡು, ಅಂಚಿಗೆ ಹೆಬ್ಬೆರಳು ಒತ್ತಿ, ಮಷೀನು ಹಚ್ಚಿದರು. ಕಣ್ಣು ಮುಚ್ಚಿದರು. ಬಿಲ್ಲೆ ತಿರುಗುತ್ತಲೇ ಇತ್ತು. ಹೆಬ್ಬೆರಳು ಏನಾದರೂ ಹೇಳಲೆಂದು ಅವರು ಕಾಯುತ್ತಿದ್ದುದು ನಮ್ಮಿಬ್ಬರಿಗೂ ತಿಳಿಯುತ್ತಿತ್ತು. ಕೊನೆಗೆ ಮಷೀನು ಎತ್ತಿ ಉಗುರನ್ನು ನನ್ನ ಕಡೆ ಚಾಚಿದರು. ಮುಟ್ಟಿದೆ. ಕೈ ತಾನಾಗಿ ಹಿಂದೆ ಸರಿಯಿತು.

"ಭಾಳ ಐತೇನ್?"

"ಭಾಳ ಐತ್ರಿ."

"ಜೋಮು ಹಿಡದಂಗ ಆಗಿತ್ತು. ಮ್ಯಾಲಿನ ಚರ್ಮಕ್ಕಷ್ಟ ಅನ್ಕೊಂಡಿದ್ನಿ." ವಾಯರ್ ಕಿತ್ತು ಮಷೀನಿಗೆ ಸುತ್ತಿದರು. "ತಪ್ಪು ನಂದ ಐತ್ರಿ ವೈನಿ. ಈಕಿ ಮ್ಯಾಲ ಹಾಕಬ್ಯಾಡ್ರಿ."

"ಉಗುರು ಬರ್ತಾವೇನ್ರಿ ಮತ್ತ?" ಎಂದರು ಆ ತಾಯಿ.

"ಬರ್ತಾವ್ರಿ. ತಡಾ ಆಗ್ತೈತಿ."

ಅವರು ಹೋದ ಮೇಲೆ ಮಾವಶಿ ನನಗೆ ಅಂದದ್ದು ಒಂದೇ ಮಾತು: "ನಾ ಅಷ್ಟ ಹೆದರಸ್ತಿದ್ನೇನ್ ಬೇ?" ಹೆದರಿಕೆಯ ಜೊತೆಗೆ ಇನ್ನೊಂದಿತ್ತು: ಆ ಹೆಬ್ಬೆರಳು ಸತ್ತಿದೆ ಎಂಬ ಸುದ್ದಿಯನ್ನು ಅವರಿಗೆ ಮುಟ್ಟಿಸುವವಳು ನಾನಾಗುವುದು ಬೇಡವಾಗಿತ್ತು.

ಆ ವಾರವೇ ಅವರು ಕೋಣೆ ಬಿಟ್ಟರು. ಎಂಟು ತಿಂಗಳ ಮೇಲೆ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಅಥಣಿ ಕಡೆಯ ಸತ್ತಿ ಊರಲ್ಲಿ ತಂಗಿಯ ಮನೆಯಲ್ಲಿದ್ದೇನೆ, ಅಥಣಿ ಬಸ್ಸಿಗೆ ನಿಂತಿದ್ದೇನೆ ಎಂದರು. ಕೈಯ ಚರ್ಮ ವಾಸಿಯಾಗಿತ್ತು. ಅವರನ್ನು ನಾನು ಕೊನೆಯ ಸಲ ನೋಡಿದ್ದು ಅಲ್ಲೇ. ನನ್ನ ಬಗ್ಗೆ, ಅಂಗಡಿಯ ಬಗ್ಗೆ ಅವರು ಏನೂ ಕೇಳಲಿಲ್ಲ.

"ಕಾಗವಾಡದ ಹುಡುಗಿ ಉಗುರು ಬಂದುವೇನ್?"

"ಬಂದಾವ್ರಿ. ಒಂದ್ರಾಗ ಮಾತ್ರ ಗೆರಿ ಬಿದ್ದೈತಂತ. ಅಂಜ್ಯಾಳ್ರಿ, ಹಂಗ ಉಳೀತೈತಂತ."

"ಉದ್ದಕ ಐತೋ, ಅಡ್ಡ ಐತೋ?"

"ಅಡ್ಡ."

ಅವರು ಉಸಿರು ಬಿಟ್ಟರು. "ಅಡ್ಡ ಇದ್ರ ಉಗುರು ಬೆಳದಂಗ ಮುಂದ ಸರದು ಹೋಗ್ತೈತಿ. ಅರ ಹಚ್ಚಬ್ಯಾಡ ಅನ್ನು. ಏನೂ ಮಾಡಬ್ಯಾಡ ಅನ್ನು."

ಬಸ್ಸು ಬಂತು. ಅವರು ಹತ್ತಿ ಕೂತದ್ದನ್ನು ನೋಡಿ, ಅಲ್ಲೇ ನಿಂತು ಕಾಗವಾಡಕ್ಕೆ, ರೇಖಾಳ ತಾಯಿಗೆ, ಫೋನ್ ಹಚ್ಚಿದೆ.