ಅಪ್ಪನ ಸೀಟಿನ ತಗ್ಗು

ಅಪ್ಪ ತೀರಿಕೊಂಡ ಮ್ಯಾಲ ಅವನ ಹಳೇ ಪಿಕಪ್ ನನ್ನ ಪಾಲಿಗೆ ಬಂತು. ಬನಹಟ್ಟಿಯಿಂದ ಸೀರಿ ಗಂಟು ಹೇರಿಕೊಂಡು ಮೂವತ್ತು ವರ್ಷ ಓಡಿಸಿದ್ದ ಗಾಡಿ. ಇಂಜಿನ್ ಬಿಚ್ಚಿ ಕಟ್ಟಿಸಿದೆ, ಬಣ್ಣ ಹೊಡಿಸಿದೆ. ಕಡೀಕ ಸೀಟಿನ ಕವರ್ ಹೊಲಿಸಾಕ ಜಮಖಂಡಿಯ ಕುಶನ್ ಅಂಗಡಿಯಾಗ ಬಿಟ್ಟೆ.

ಸಂಜಿಗೆ ಹೋಗಿ ಕುಂತ್ರ ತಲಿ ಮ್ಯಾಲಿನ ತಗಡಿಗೆ ಬಡೀತು.

"ಸೀಟಿನಾಗ ದೊಡ್ಡ ತಗ್ಗ ಬಿದ್ದಿತ್ರೀ, ತುಂಬೇನಿ," ಅಂದ ಅಂಗಡಿಯವ, ಹೆಮ್ಮೆಲೆ.

ಅದು ಅಪ್ಪನ ತಗ್ಗು. ಸಣ್ಣಾವಿದ್ದಾಗ ಅವ ಇಳಿದ ಕೂಡಲೇ ನಾ ಅದರಾಗ ಹೋಗಿ ಕುಂಡ್ರತಿದ್ದೆ. ಬೆಚ್ಚಗಿರತಿತ್ತು.

"ಆ ತಗ್ಗ ಮತ್ತ ಮಾಡಿಕೊಡ್ರಿ," ಅಂದೆ.

ಅವ ನನ್ನ ಮಾರಿ ನೋಡಿದ. "ತಗ್ಗ ಮಾಡಾಕ ಬರೂದಿಲ್ರೀ ಅಣ್ಣಾರ. ಅದು ಕುಂತ ಕುಂತನ ಬೀಳಬೇಕು."

ಈಗ ಕೆಲಸ ಇರಲಿ ಬಿಡಲಿ, ದಿನಾ ಲೋಕಾಪುರದ ತನಕ ಹೋಗಿ ಬರ್ತೀನಿ. ಅಪ್ಪನದು ಭಾರೀ ಮೈ, ನಾ ಸಣಕಲ. ಭಾಳ ವರ್ಷ ಓಡಿಸಬೇಕಾಗ್ತದ.