ಕುಚ್ಚಲಕ್ಕಿಯಲ್ಲಿ ಮೂರು ದಿನ ಇದ್ದ ಫೋನು

ಕಾಲೇಜಿನಲ್ಲಿದ್ದಾಗ ನಾನು ಚರ್ಚಾಸ್ಪರ್ಧೆಗಳಲ್ಲಿ ಮಾತನಾಡುತ್ತಿದ್ದೆ. ವಿಷಯ ಕೈಗೆ ಬಂದ ಐದು ನಿಮಿಷದೊಳಗೆ ಒಂದು ಪಕ್ಷ ಹಿಡಿಯಬೇಕು. ಹಿಡಿದ ಮೇಲೆ ಎದುರಾಳಿಯ ಮಾತು ಸರಿಯೆನಿಸಿದರೂ ಅದು ಮುಖದಲ್ಲಿ ಕಾಣಬಾರದು. ಅಧ್ಯಾಪಕನಾಗಿ ಬೆಳ್ತಂಗಡಿಯಲ್ಲಿ ನೆಲೆಸಿದ ಮೇಲೂ ಆ ಅಭ್ಯಾಸ ನನ್ನನ್ನು ಬಿಡಲಿಲ್ಲ. ಜನ ತಮ್ಮದೇ ಕೈಯಲ್ಲಿರುವ ಯಂತ್ರಕ್ಕೆ ಹೆದರುವುದು ನನಗೆ ಸಹಿಸಲಾಗದ ಸಂಗತಿಯಾಗಿತ್ತು. ಒಂದು ಗುಂಡಿ ಒತ್ತುವುದಕ್ಕೆ ಪಕ್ಕದ ಮನೆಯವರನ್ನು ಕರೆಯಬೇಕಾದ ಸ್ಥಿತಿಯನ್ನು ಸ್ವಾತಂತ್ರ್ಯ ಎನ್ನಲಾಗದು ಎಂದು ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. ಆದ್ದರಿಂದಲೇ ಕೊಕ್ಕಡದ ಒಂದು ವಾಚನಾಲಯದಲ್ಲಿ ಆದಿತ್ಯವಾರಗಳಂದು ಫೋನು, ಕಂಪ್ಯೂಟರುಗಳ ಉಚಿತ ತರಗತಿಯನ್ನು ಆರಂಭಿಸಿದೆ. ಅಲ್ಲಿ ನಾನು ಯಾರ ಫೋನನ್ನೂ ಮುಟ್ಟುತ್ತಿರಲಿಲ್ಲ. ಹೇಳುವುದು ನನ್ನ ಕೆಲಸ, ಒತ್ತುವುದು ಅವರದು.

ತರಗತಿಗೆ ಬರುತ್ತಿದ್ದವರಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬರಿದ್ದರು. ಊರಿಗೆಲ್ಲ ಅವರು ಟೈಲರಕ್ಕ. ನಮ್ಮ ಕಡೆ ಹೊಲಿಗೆಗೆ ಬಟ್ಟೆ ಕೊಡುವವರು ಅದರ ಜೊತೆಗೆ ತಮಗೆ ಸರಿಯಾಗಿ ಕೂರುವ ಹಳೆಯ ರವಿಕೆಯೊಂದನ್ನು ಅಳತೆಗೆಂದು ಕೊಡುತ್ತಾರೆ. ಹೊಲಿದು ಮುಗಿಯುವವರೆಗೆ ಅದು ಹೊಲಿಯುವವರ ಬಳಿಯೇ ಇರುತ್ತದೆ. ಟೈಲರಕ್ಕನ ಮನೆಯಲ್ಲಿ ಇಂಥ ಅಳತೆ ರವಿಕೆಗಳ ಮೂರು ಗಂಟುಗಳಿದ್ದವು. ಒಬ್ಬರದು ಇನ್ನೊಬ್ಬರ ಮನೆ ಸೇರಿ ಒಮ್ಮೆ ಜಗಳವೂ ಆಗಿತ್ತು. ಅದನ್ನು ಕೇಳಿದ ದಿನವೇ ನಾನು ಪರಿಹಾರ ಸೂಚಿಸಿದೆ: ರವಿಕೆಯನ್ನು ಹರಡಿ, ಅಳತೆಗಳನ್ನು ಚೀಟಿಯಲ್ಲಿ ಬರೆದು ಅದರ ಮೇಲಿಟ್ಟು, ಒಂದು ಫೋಟೊ ತೆಗೆದು, ಅಂದೇ ಹಿಂದಕ್ಕೆ ಕೊಟ್ಟುಬಿಡಿ. ಆಕೆ ಹಾಗೆಯೇ ಮಾಡತೊಡಗಿದರು. ಇನ್ನೊಂದು ಪಾಠವನ್ನೂ ನಾನು ಇಡೀ ತರಗತಿಗೆ ಹೇಳಿದ್ದೆ. ನಮ್ಮ ಮನೆಯ ಚಿತ್ರಗಳು ಯಾವುದೋ ಕಂಪನಿಯ ಉಗ್ರಾಣಕ್ಕೆ ತಾವಾಗಿಯೇ ಹೋಗಿ ಸೇರುವ ವ್ಯವಸ್ಥೆಯನ್ನು ಆಫ್ ಮಾಡಿ ಎಂದು. ಎಲ್ಲರೂ ಆಫ್ ಮಾಡಿದರು. ನಾನು ಹೆಮ್ಮೆಯಿಂದ ಮನೆಗೆ ಹೋದೆ.

ಆ ವರ್ಷ ಟೈಲರಕ್ಕನಿಗೆ ಕಲ್ಲಡ್ಕದ ಮದುವೆ ಮನೆಯೊಂದರಿಂದ ಹದಿನಾಲ್ಕು ರವಿಕೆಗಳ ಕೆಲಸ ಬಂತು. ಮದುಮಗಳದೂ ಅದರಲ್ಲಿ ಸೇರಿತ್ತು. ಅಲ್ಲಿಯವರೆಗೆ ಆಕೆ ಹೊಲಿಯುತ್ತಿದ್ದುದು ನೆರೆಕರೆಯ ನಿತ್ಯದ ರವಿಕೆ, ಸೀರೆಯ ಫಾಲ್ಸು, ಶಾಲೆಯ ಸಮವಸ್ತ್ರ. ಮದುವೆಯ ಕೆಲಸ ಇದೇ ಮೊದಲು. ಮದುಮಗಳ ಚಿಕ್ಕಮ್ಮ ಕೊಕ್ಕಡದವರಾದ್ದರಿಂದ ಅದು ಇಲ್ಲಿಯವರೆಗೆ ಬಂದಿತ್ತು. ಮದುಮಗಳ ತಾಯಿಗೆ ಮಾತ್ರ ಅರೆಮನಸ್ಸು. “ಕಷ್ಟ ಆಗ್ತದೆ ಅಂತಾದ್ರೆ ಈಗಲೇ ಹೇಳಿ, ಇಲ್ಲೇ ಪೇಟೆಯಲ್ಲಿ ಕೊಡ್ತೇನೆ” ಎಂದು ಆಕೆ ಎರಡು ಸಲ ಹೇಳಿದ್ದರಂತೆ. ಟೈಲರಕ್ಕ ಎರಡು ಸಲವೂ “ಎಂತ ಕಷ್ಟವೂ ಇಲ್ಲ” ಎಂದಿದ್ದರು. ಹದಿನಾಲ್ಕು ಫೋಟೊ ತೆಗೆದುಕೊಂಡು ಅಳತೆ ರವಿಕೆಗಳನ್ನೆಲ್ಲ ಚೀಟಿಗಳ ಸಮೇತ ಹಿಂದಕ್ಕೆ ಕಳುಹಿಸಿದ್ದರು.

ಮದುವೆಗೆ ಹನ್ನೆರಡು ದಿನ ಇರುವಾಗ, ನಾನು ಶಾಲೆಯಲ್ಲಿದ್ದ ಹೊತ್ತಿಗೆ, ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ಮಾಷ್ಟ್ರೇ, ನಾನು. ಪಕ್ಕದ ಮನೆಯ ಫೋನು ಇದು. ನಂದು ನೀರಿಗೆ ಬಿತ್ತು. ಲೈನಿಂಗ್ ಬಟ್ಟೆ ನೆನೆ ಹಾಕಿದ ಬಕೆಟಿಗೆ. ಎಂತ ಮಾಡುದು ಈಗ?”

“ಆಫ್ ಮಾಡಿ. ಅಕ್ಕಿಯೊಳಗೆ ಹೂತಿಡಿ. ಮೂರು ದಿನ ಮುಟ್ಟಬೇಡಿ.”

“ಯಾವ ಅಕ್ಕಿ?”

“ಮನೆಯಲ್ಲಿ ಯಾವುದಿದೆಯೋ ಅದು.”

ನನ್ನ ದನಿಯಲ್ಲಿ ಎಳ್ಳಷ್ಟು ಅನುಮಾನವಿರಲಿಲ್ಲ. ಆಧಾರ ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಆ ಸಲಹೆ ನನಗೆ ಯಾವುದೋ ವಾಟ್ಸಾಪ್ ಗುಂಪಿನಲ್ಲಿ ಬಂದಿತ್ತು, ನಾನೂ ಅದನ್ನು ನಮ್ಮ ತರಗತಿಯ ಗುಂಪಿಗೆ ದಾಟಿಸಿದ್ದೆ. ಅಷ್ಟೇ ಅದರ ವಂಶಾವಳಿ.

ಫೋನು ಕೆಳಗಿಟ್ಟ ಮೇಲೆ ಕಳವಳ ಶುರುವಾಯಿತು. ಹದಿನಾಲ್ಕು ಅಳತೆಗಳೂ ಆ ಫೋನಿನಲ್ಲಿ ಮಾತ್ರ ಇದ್ದವು, ಫೋಟೊಗಳು ಇನ್ನೊಂದು ಕಡೆ ಸೇರದಂತೆ ಆಫ್ ಮಾಡಿಸಿದವನು ನಾನೇ. ಪಾಠದ ನಡುವೆ ವಾಕ್ಯ ಎಲ್ಲಿಗೆ ಬಂದಿತ್ತೆಂದು ಮರೆತು ಹಲಗೆಯ ಕಡೆ ತಿರುಗುತ್ತಿದ್ದೆ. ಮರುದಿನ ಶಾಲೆ ಬಿಟ್ಟೊಡನೆ ಕೊಕ್ಕಡದ ಬಸ್ಸು ಹತ್ತಿದೆ. ಕುಚ್ಚಲಕ್ಕಿ ತುಂಬಿದ ಡಬ್ಬ ಬಚ್ಚಲಿನ ಹಂಡೆಯ ಕಟ್ಟೆಯ ಮೇಲಿತ್ತು. ಬಿಸಿ ತಾಗಿದರೆ ಬೇಗ ಒಣಗಬಹುದೆಂದು ಆಕೆಯೇ ಯೋಚಿಸಿ ಇಟ್ಟಿದ್ದರು. ನಾನು ಮುಚ್ಚಳಕ್ಕೆ ಕೈ ಹಾಕಿದೆ.

“ಮೂರು ದಿನ ಅಂದವರು ನೀವೇ ಅಲ್ವಾ?” ಎಂದು ಆಕೆ ನನ್ನ ಕೈ ಸರಿಸಿದರು.

ಮೂರು ದಿನ ಕಳೆದ ಮೇಲೆ ಫೋನು ಬೆಳಗಲಿಲ್ಲ. ಚಾರ್ಜರು ಒಳಗೆ ಸರಿಯಾಗಿ ಕೂರಲೂ ಇಲ್ಲ. ಬೆಳ್ತಂಗಡಿಯ ಅಂಗಡಿಯಲ್ಲಿ ನೋಡಿದವರು ಬೋರ್ಡ್ ಹೋಗಿದೆ, ಹೊಸತು ತಗೊಳ್ಳಿ ಎಂದರು. ಅದರೊಳಗಿನ ಫೋಟೊಗಳು ಬೇಕು ಎಂದಾಗ, ಮೂಡುಬಿದಿರೆಯಲ್ಲಿ ಬೋರ್ಡನ್ನೇ ಬಿಚ್ಚಿ ಕೆಲಸ ಮಾಡುವವರೊಬ್ಬರಿದ್ದಾರೆಂದು ತಿಳಿಸಿದರು. ನಾನು ಶಾಲೆಗೆ ರಜೆ ಹೇಳಿದೆ. ವೇಣೂರು ಮಾರ್ಗದ ಬಸ್ಸಿನಲ್ಲಿ ಇಬ್ಬರೂ ಹೊರಟೆವು.

ಬಸ್ಸಿನಲ್ಲಿ ನಾನು ಸುಮ್ಮನಿರಲಾರದೆ ಹೋದೆ. ಮದುವೆ ಮನೆಗೆ ನಾನೇ ಫೋನು ಮಾಡುತ್ತೇನೆ, ತಪ್ಪು ನನ್ನದೆಂದು ವಿವರಿಸುತ್ತೇನೆ, ಯಾರಾದರೂ ಕಾರಣ ಕೇಳಿದರೆ ಮೊದಲು ಇದು, ಆಮೇಲೆ ಅದು ಎಂದು ಒಂದು ಭಾಷಣವನ್ನೇ ಕಟ್ಟುತ್ತಿದ್ದೆ. ಆಕೆ ತೊಡೆಯ ಮೇಲೆ ಬೆರಳಿನಿಂದ ಏನೋ ಬರೆಯುತ್ತಿದ್ದರು.

“ಮಾಷ್ಟ್ರೇ, ಸ್ವಲ್ಪ ಸುಮ್ಮನೆ ಕೂತ್ಕೊಳ್ತೀರಾ? ನೆನಪಿನಲ್ಲಿ ಇದ್ದ ಅಳತೆಯೂ ತಪ್ತಾ ಉಂಟು ನನಗೆ.”

“ಎಷ್ಟು ನೆನಪಿದೆ?”

“ಮೂರು ಜನರದ್ದು. ಅದೂ ತೋಳಿನದ್ದು ಸಂಶಯ.” ಬರೆಯುತ್ತಿದ್ದ ಬೆರಳನ್ನು ಮಡಚಿ ಹೇಳಿದರು: “ಅವರಿಗೆ ಹೇಳಿದ್ರೆ ಬಟ್ಟೆ ವಾಪಸು ಕೇಳ್ತಾರೆ. ಮತ್ತೆ ನನ್ನ ಹತ್ರ ಮದುವೆ ಕೆಲಸ ಯಾರು ಕೊಡುದು? ಪುನಃ ಫಾಲ್ಸು.”

ಮೂಡುಬಿದಿರೆಯ ಅಂಗಡಿ ಒಂದು ಮಾಳಿಗೆಯ ಮೆಟ್ಟಿಲ ಕೆಳಗಿತ್ತು. ನಡುವಯಸ್ಸಿನ ಆ ರಿಪೇರಿಯವರು ಫೋನಿನ ಹಿಂಬದಿ ತೆಗೆದು, ಭೂತಗನ್ನಡಿಯ ಕೆಳಗೆ ಹಿಡಿದು, ಬ್ರಶ್ಶಿನಿಂದ ಏನನ್ನೋ ಕಾಗದದ ಮೇಲೆ ಉದುರಿಸಿದರು.

“ಇದೆಂತದು ಅಕ್ಕ, ತೌಡು? ಗಂಜಿ ಮಾಡ್ಲಿಕ್ಕೆ ಇತ್ತಾ?”

“ಅಕ್ಕಿಯಲ್ಲಿ ಇಟ್ಟಿದ್ದೆ.”

“ಎಷ್ಟು ದಿನ?”

“ಮೂರು.”

“ಅಲ್ಲ ಮಾರಾಯ್ರೆ, ಬಿದ್ದ ದಿನವೇ ತಂದಿದ್ರೆ ಅರ್ಧ ಗಂಟೆಯ ಕೆಲಸ. ಒಳಗಿನ ನೀರು ಅಕ್ಕಿಗೆ ಬರುದಾ? ಅದು ಒಳಗೇ ಕೂತು ಕಿಲುಬು ಹಿಡೀತದೆ, ನೋಡಿ, ಹಸುರು. ಇಲ್ಲಿ ಬಿಸಿಯೂ ತಾಗಿದೆ. ಚಾರ್ಜಿನ ಬಾಯಿ ಪೂರಾ ತೌಡು. ಅಕ್ಕಿ ಹಾಕ್ಲಿಕ್ಕೆ ಹೇಳಿದ ಬುದ್ಧಿವಂತ ಯಾರು?”

ಟೈಲರಕ್ಕ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. “ಎಲ್ಲರೂ ಹೇಳ್ತಾರಲ್ಲ ಅಣ್ಣ” ಎಂದರು.

ನನಗೆ ಅದು ತೆರೆದಿಟ್ಟ ಬಾಗಿಲಾಗಿತ್ತು. ಎಲ್ಲರ ಹಿಂದೆ ನಿಂತುಬಿಡಬಹುದಿತ್ತು. ವಾದದ ಒಂದೆರಡು ಎಳೆಗಳೂ ಮನಸ್ಸಿಗೆ ಬಂದವು: ಬಿಸಿಗೆ ಇಡಲು ನಾನು ಹೇಳಿರಲಿಲ್ಲ, ಕುಚ್ಚಲಕ್ಕಿಯ ಬದಲು ಬಿಳಿಯ ಬೆಳ್ತಿಗೆ ಅಕ್ಕಿಯಾಗಿದ್ದರೆ ಇಷ್ಟು ತೌಡು ಇರುತ್ತಿರಲಿಲ್ಲ. ಎರಡೂ ನಿಜ. ಎರಡೂ ಆಕೆಯ ಮೇಲೆ ಹೊರಿಸುವ ಮಾತುಗಳು.

“ನಾನು ಹೇಳಿದ್ದು” ಎಂದೆ.

ರಿಪೇರಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವೆಂತ ಮಾಡುದು?”

“ಅಧ್ಯಾಪಕ. ಆದಿತ್ಯವಾರ ಫೋನಿನ ತರಗತಿಯನ್ನೂ ಮಾಡುತ್ತೇನೆ.”

“ಓಹೋ! ಹಾಗಾದ್ರೆ ನನ್ನ ಅಂಗಡಿ ಬಂದ್ ಆಗ್ಲಿಕ್ಕಿಲ್ಲ” ಎಂದು ಅವರು ನಕ್ಕರು. ಟೈಲರಕ್ಕನೂ ನಕ್ಕರು, ಫೋನು ನೀರಿಗೆ ಬಿದ್ದ ಮೇಲೆ ಮೊದಲ ಸಲ. ನನಗೆ ನಗಲಾಗಲಿಲ್ಲ.

ಅವರು ಬೋರ್ಡನ್ನು ಬಿಚ್ಚಿ ಯಾವುದೋ ದ್ರಾವಣದಲ್ಲಿ ತೊಳೆದರು. ಎರಡು ಕಡೆ ಬೆಸುಗೆ ಹಾಕಿದರು. ಸೂಜಿಮೊನೆಯಂಥ ಆ ಕೆಲಸವನ್ನು ಟೈಲರಕ್ಕ ಕಣ್ಣು ಕೀಳದೆ ನೋಡುತ್ತಿದ್ದರು. ನಾನು ಮೆಟ್ಟಿಲವರೆಗೆ ಹೋಗುವುದು, ಬರುವುದು, ಗಡಿಯಾರ ನೋಡುವುದು. ಮಧ್ಯಾಹ್ನ ಕಳೆದ ಮೇಲೆ ಅವರು ಬೇರೊಂದು ಡಿಸ್‌ಪ್ಲೇ ಜೋಡಿಸಿ, ಮೇಜಿನ ಮೇಲಿನ ವಿದ್ಯುತ್ ಪೆಟ್ಟಿಗೆಯಿಂದ ತಂತಿ ಹಿಡಿದು ಕರೆದರು.

“ಅಕ್ಕ, ಬಂತು. ಬೇಗ ಲಾಕ್ ತೆಗೀರಿ. ಇದು ಎಷ್ಟು ಹೊತ್ತು ನಿಲ್ತದೆ ಹೇಳ್ಲಿಕ್ಕೆ ಆಗುದಿಲ್ಲ. ಬೇಕಾದ್ದು ಮಾತ್ರ ನೋಡಿ.”

ಎಲ್ಲ ಫೋಟೊಗಳನ್ನೂ ಕಂಪ್ಯೂಟರಿಗೆ ಇಳಿಸೋಣ ಎಂದೆ. ಚಾರ್ಜಿನ ಬಾಯಿ ಸತ್ತಿರುವಾಗ ಕೇಬಲ್ ಎಲ್ಲಿಗೆ ಹಾಕುವುದೆಂದು ಅವರು ಕೇಳಿದರು. ಹಾಗಾದರೆ ನನ್ನ ಫೋನಿಗೆ ಕಳುಹಿಸೋಣ, ಅದಕ್ಕೆ ಮೊದಲು ನೆಟ್‌ವರ್ಕ್—

“ನೀವು ಮಾತಾಡ್ಬೇಡಿ, ಬರೀರಿ” ಎಂದರು ಟೈಲರಕ್ಕ.

ಬರೆದೆ. ಅಂಗಡಿಯವರು ಕೊಟ್ಟ ಹಳೆಯ ರಶೀದಿಗಳ ಹಿಂಬದಿಯಲ್ಲಿ ಎದೆ, ಸೊಂಟ, ಭುಜ, ತೋಳು, ಕುತ್ತಿಗೆಯ ಇಳಿತ. ಆಕೆ ಪರದೆಯಿಂದ ಕಣ್ಣು ತೆಗೆಯದೆ ಓದುತ್ತಿದ್ದರು: “ಅಜ್ಜಿಯದ್ದು. ಮೂವತ್ತೆಂಟು. ತೋಳು ಹತ್ತು. ಅಲ್ಲ, ಹತ್ತೂವರೆ. ಬರೆದ್ರಾ? ದೊಡ್ಡಮ್ಮನದ್ದು...” ಯಾರೂ ಒಂದು ಪದಕ್ಕೂ ವ್ಯಾಖ್ಯಾನ ಕೇಳದೆ, ನಾನೂ ಕೊಡದೆ ಕಳೆದ ಅಷ್ಟು ಹೊತ್ತು ನನ್ನ ಬದುಕಿನಲ್ಲಿ ಕಡಿಮೆ. ಎರಡು ಸಲ ಪರದೆ ನಡುಗಿತು. ರಿಪೇರಿಯವರ ಕೈ ಮಾತ್ರ ತಂತಿಯ ಮೇಲೆ ಅಲುಗಲಿಲ್ಲ.

ಹದಿಮೂರು ಮುಗಿಯಿತು. ಹದಿನಾಲ್ಕನೆಯದು ಮದುಮಗಳದು. ಚಿತ್ರ ಅರ್ಧ ತೆರೆದುಕೊಳ್ಳುವಾಗ ಪರದೆ ಕಪ್ಪಾಯಿತು. ರಿಪೇರಿಯವರು ಇನ್ನೂ ಒಂದು ಗಂಟೆ ಪ್ರಯತ್ನಿಸಿದರು. ಮತ್ತೆ ಬರಲಿಲ್ಲ.

ನಾನು ನನ್ನ ಫೋನು ತೆಗೆದು, “ಕಲ್ಲಡ್ಕದ ನಂಬರು ಹೇಳಿ, ನಾನೇ ಮಾತನಾಡುತ್ತೇನೆ” ಎಂದೆ. ಮದುವೆ ಮನೆಯ ಆಮಂತ್ರಣ ಪತ್ರ ಆಕೆಯ ಚೀಲದಲ್ಲಿತ್ತು. ನನ್ನ ಫೋನು ತೆಗೆದುಕೊಂಡು, ಪತ್ರದಲ್ಲಿದ್ದ ನಂಬರನ್ನು ನೋಡಿ ತಾವೇ ಒತ್ತಿದರು.

“ಅಮ್ಮ, ಕೊಕ್ಕಡದಿಂದ ಟೈಲರು. ನನ್ನ ಫೋನು ನೀರಿಗೆ ಬಿತ್ತು. ಎಲ್ಲರ ಅಳತೆ ಉಂಟು, ಮದುಮಗಳದ್ದು ಮಾತ್ರ ಹೋಯ್ತು.” ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡರು. ಅತ್ತ ಕಡೆಯ ದನಿ ಏರಿದ್ದು ನನಗೂ ಕೇಳಿಸಿತು. “ಹೌದಮ್ಮ, ಕಷ್ಟ ಇಲ್ಲ ಅಂದದ್ದು ನಾನೇ. ಈಗಲೂ ಅದನ್ನೇ ಹೇಳುದು. ಅವಳನ್ನು ನಾಳೆ ಚಿಕ್ಕಮ್ಮನ ಮನೆಗೆ ಕಳಿಸಿ. ಮೈಮೇಲೆಯೇ ಅಳತೆ ತೆಗೀತೇನೆ, ಕತ್ತರಿಸಿ ಕಚ್ಚಾ ಹೊಲಿಗೆ ಹಾಕಿ ಅಲ್ಲೇ ತೊಡಿಸಿ ನೋಡುವ. ಸರಿ ಕೂರದಿದ್ರೆ ಎಲ್ಲ ಬಟ್ಟೆಯನ್ನೂ ನಾಳೆಯೇ ಕೊಂಡೋಗಿ.”

ಅತ್ತ ಕಡೆಯಿಂದ ಉತ್ತರ ಬಂತು. “ಆಯ್ತಮ್ಮ. ಹತ್ತು ಗಂಟೆಗೆ” ಎಂದು ಫೋನು ಕೊಟ್ಟರು.

ಹಿಂದಿರುಗುವ ಬಸ್ಸಿನಲ್ಲಿ ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಆಕೆ ಹೇಳಿದರು: “ಗ್ರೂಪಿಗೆ ಹಾಕಿ ಮಾಷ್ಟ್ರೇ, ಅಕ್ಕಿಯ ವಿಷಯ. ಈಗಲೇ.” ನಾನು ಬರೆಯತೊಡಗಿದೆ. ಅರ್ಧ ಪುಟವಾದಾಗ ಆಕೆ ಬಗ್ಗಿ ಓದಿ, ಮೊದಲಿನ ಎರಡು ಪ್ಯಾರಾ ಯಾಕೆ ಎಂದು ಕೇಳಿದರು. ಅಳಿಸಿದೆ. ಉಳಿದದ್ದು ಇಷ್ಟು: ನೀರಿಗೆ ಬಿದ್ದ ಫೋನನ್ನು ಅಕ್ಕಿಯಲ್ಲಿಡಿ ಎಂದು ನಾನು ಹೇಳಿದ್ದು ತಪ್ಪು, ಆಫ್ ಮಾಡಿ, ಚಾರ್ಜಿಗೆ ಹಾಕದೆ, ಅದೇ ದಿನ ಬಿಚ್ಚುವವರ ಬಳಿಗೆ ಒಯ್ಯಿರಿ, ಬೇಕಾದ ಫೋಟೊ ಇನ್ನೊಂದು ಕಡೆಯೂ ಇರಲಿ.

ಎರಡು ನಿಮಿಷದಲ್ಲಿ ತರಗತಿಯ ಹಿರಿಯರೊಬ್ಬರ ಉತ್ತರ ಬಂತು: “ಸರ್, ನನ್ನ ಕಿವಿಯ ಮಿಶನ್ ನಿನ್ನೆಯಿಂದ ಅಕ್ಕಿ ಡಬ್ಬದಲ್ಲಿ ಉಂಟು. ತೆಗೀಲಾ?”

“ತೆಗೀಲಿಕ್ಕೆ ಹೇಳಿ” ಎಂದರು ಟೈಲರಕ್ಕ. ಆಮೇಲೆ ರಶೀದಿಗಳನ್ನು ಮಡಿಲಲ್ಲಿ ಹರಡಿಕೊಂಡು, ನಾಳೆ ಹತ್ತು ಗಂಟೆಯೊಳಗೆ ಯಾವ ಯಾವುದನ್ನು ಕತ್ತರಿಸಿಡಬಹುದೆಂದು ನನ್ನ ಪೆನ್ನಿನಲ್ಲಿ ಗುರುತು ಹಾಕತೊಡಗಿದರು.